ಟೆಂಪೊ ಬಾನೆಟ್ಟಿನ ಮೇಲಿನ ಆಟ

ವಾಸ್ಕೊದಲ್ಲಿ ಕರೀ ಧೂಳಿಗೆ ಬರವಿಲ್ಲ.
ಬಂದರಿನ ಕಡೆಯಿಂದ ಗಾಳಿ ಎದ್ದರೆ
ಒಣಹಾಕಿದ ಅಂಗಿ, ಅನ್ನದ ತಾಟು, ಇನಾಸ್ ಮೇಸ್ತನ ಟೆಂಪೊ
ಎಲ್ಲಕ್ಕೂ ಒಂದೇ ಬಣ್ಣ.
ಆ ಟೆಂಪೊದ ಬಾನೆಟ್ಟೇ ನಮಗೆ ಹಲಗೆ.
ಇನಾಸ್ ಬೆರಳಿಟ್ಟು ಬರೆಯುತ್ತಿದ್ದ:
ಇಲ್ಲಿ ನೀನು, ಇಲ್ಲಿ ಡಿಯೋನಿ, ಅಲ್ಲಿ ಹುಲಗಪ್ಪ,
ನಡುವೆ ಹೆಬ್ಬೆರಳೊತ್ತಿ ಒಂದು ದಪ್ಪ ಚುಕ್ಕಿ.
ಅದು ಯಮನೂರ.
ಬಾಣಗಳೆಲ್ಲ ಅಲ್ಲಿಂದ ಹೊರಟು
ಬಾನೆಟ್ಟಿನ ಅಂಚಿಗೆ ಹೋಗಿ ಮುಗಿಯುತ್ತಿದ್ದವು.

ಯಮನೂರ ಓಡುವವನಲ್ಲ.
ಜೆಟ್ಟಿಯಲ್ಲಿ ಮೀನಿನ ಬುಟ್ಟಿ ಹೊತ್ತು ಹೊತ್ತು
ಕುತ್ತಿಗೆ ತುಸು ಎಡಕ್ಕೆ ವಾಲಿತ್ತು.
ಚೆಂಡು ಕಾಲಿಗೆ ಬರುವ ಮೊದಲೇ
ಎರಡು ಸಲ ಹಿಂದೆ ತಿರುಗಿ ನೋಡುತ್ತಿದ್ದ,
ಸಾಲ ಕೊಟ್ಟವ ಬಂದನೇನೋ ಎಂಬಂತೆ.
ಆಮೇಲೆ ನೋಡುತ್ತಲೇ ಇರಲಿಲ್ಲ. ಒದೆಯುತ್ತಿದ್ದ.

ನಾನು ಬಲಗಡೆಯ ಗೆರೆ ಹಿಡಿದು
ಯಾರೂ ಇಲ್ಲದ ಜಾಗಕ್ಕೆ ಓಡಬೇಕು, ಅಷ್ಟೇ.
"ನೀ ಹೋಗಪಾ, ಅದು ಬರ್ತದ" ಅಂತಿದ್ದ.
ಬರುತ್ತಿತ್ತು.
ಪುಟಿದು ಸುಮ್ಮನಾಗಿ, ಸರಿಯಾಗಿ ಬಲಗಾಲ ಮುಂದೆ,
ಕೇಳದೆಯೇ ಅವ್ವ ತಾಟಿಗೆ ಹಾಕಿದ ರೊಟ್ಟಿಯ ಹಾಗೆ.
ನಾನು ದೊಡ್ಡ ಓಟಗಾರನೆಂದು
ಬಾಯ್ಣಾದ ಹುಡುಗರು ಹೇಳುತ್ತಿದ್ದರು. ನಾನೂ ನಂಬಿದ್ದೆ.

ದಸರೆ ಕಳೆದ ವಾರ
ತಾಂಡೇಲನ ಟ್ರಾಲರಿನಲ್ಲಿ ಒಬ್ಬನಿಗೆ ಜ್ವರ,
ಹನ್ನೆರಡು ದಿನಕ್ಕೆ ಒಂದಾಳು ಬೇಕು.
ಐಸಿನ ಲಾರಿಯ ಹಿಂದೆ ನಿಂತು ಕೈಬೀಸಿದ ಯಮನೂರ
ಬೂಟನ್ನು ಆಗ್ನೆಲನಿಗೆ ಕೊಟ್ಟು ಹೋದ.
ಒಂದು ಅಳತೆ ದೊಡ್ಡದು. ಆಗ್ನೆಲ ತುದಿಗೆ ಹತ್ತಿ ತುರುಕಿಕೊಂಡ.

ಭಾನುವಾರ ಚಿಕಾಲಿಯವರ ಮೇಲೆ ಆಟ.
ಅದೇ ಬಾನೆಟ್ಟು, ಅವೇ ಬಾಣ, ಅದೇ ಚುಕ್ಕಿ.
ನಾನು ಓಡಿದೆ. ಚೆಂಡು ಬರಲಿಲ್ಲ.
ಮತ್ತೆ ಓಡಿದೆ. ಬಂತು,
ನಾನು ಬಿಟ್ಟುಹೋದ ಜಾಗಕ್ಕೆ.
ಹುಲಗಪ್ಪ ಗೋಲಿನ ಮುಂದೆ ನಿಂತು
ಬಸ್ಸು ತಪ್ಪಿದವನಂತೆ ಕೈ ಚೆಲ್ಲಿದ.
ಪಾಪ, ಆಗ್ನೆಲ ಪ್ರತಿಸಲ ತಲೆಯೆತ್ತಿ ಹುಡುಕುತ್ತಿದ್ದ,
ಯಮನೂರನಿಗೆ ಕಂಡದ್ದು ತನಗೂ ಕಾಣಬೇಕೆಂದು.
ಅಷ್ಟರಲ್ಲಿ ಮೂವರು ಅವನ ಮೈಮೇಲೆ.
ಅರ್ಧ ಆಟಕ್ಕೆ ಎರಡು ಗೋಲು ತಿಂದಿದ್ದೆವು.

ಬೈಗುಳಕ್ಕೆ ಕಾದೆವು. ಇನಾಸ್ ಬೈಯಲಿಲ್ಲ.
ಅಂಗಿಯ ತೋಳಿನಿಂದ ಬಾನೆಟ್ಟು ಒರೆಸಿದ.
ಕೆಳಗೆ ನೀಲಿ ಬಣ್ಣವಿತ್ತು,
ಮೂರು ವರ್ಷದಲ್ಲಿ ನಾನದನ್ನು ನೋಡಿಯೇ ಇರಲಿಲ್ಲ.
"ತುಕಾ ಕಿತೆಂ ಜಮ್ತಾ?" ಅಂದ,
ನಿನಗೆ ಬರುವುದೇನು, ಅದನ್ನು ಹೇಳು.
ಆಗ್ನೆಲ ಬೂಟು ನೋಡಿಕೊಂಡ.
ಗಟ್ಟಿ ಒದೆಯಲು ಬರುತ್ತದೆ. ಎಡಕ್ಕೆ. ಕಣ್ಣು ಮುಚ್ಚಿಯೂ.

ಧೂಳು ಉಳಿದದ್ದು ಟೆಂಪೊದ ಬಾಗಿಲ ಮೇಲೆ.
ಅಲ್ಲಿ ಒಂದೇ ಒಂದು ಬಾಣ, ಎಡಕ್ಕೆ, ಹಿಡಿಕೆಯವರೆಗೆ.
ನನ್ನ ಕಡೆ ಏನೂ ಇಲ್ಲ.
"ನಾನು?"
"ನೀನು ಓಡು."
"ಚೆಂಡು?"
"ಬರೋದಿಲ್ಲ. ಓಡು."

ಚೆಂಡು ಬಾರದ ಓಟ ಎಷ್ಟು ಉದ್ದವೆಂದು
ಅವತ್ತು ಕಾಲಿಗೆ ತಿಳಿಯಿತು.
ಏನೋ ಕದ್ದೊಯ್ಯುತ್ತಿದ್ದೇನೆ ಎಂಬಂತೆ
ಚಿಕಾಲಿಯ ಇಬ್ಬರು ಬೆನ್ನು ಹತ್ತಿದರು.
ಎಡಗಡೆ ಬಯಲಾಯಿತು, ಡಿಯೋನಿ ಹೊಡೆದ.
ಇನ್ನೊಂದು ಕಂಬಕ್ಕೆ ಬಡಿದು
ಯಾರದೋ ತೆಂಗಿನ ಬುಡಕ್ಕೆ ಹೋಯಿತು.
ಸೋತೆವು, ಒಂದಕ್ಕೆ ಎರಡು.

ರಾತ್ರಿ ಬಾಯ್ಣಾ ದಂಡೆಯಲ್ಲಿ ಕೂತು
ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೆ.
ದೂರದಲ್ಲಿ ಟ್ರಾಲರುಗಳ ದೀಪ, ಯಾವುದು ಅವನದೋ.
ಅಲ್ಲಿ ಅವನು ಬಲೆ ಎಳೆಯುವವರಲ್ಲಿ ಐದನೆಯವ,
ತಾಂಡೇಲ ಕೂಗಿದ ಕಡೆಗೆ ಎಳೆಯಬೇಕು.

ಬಂದ ಮೇಲೆ ಒಂದು ಕೇಳಬೇಕು ಅಂದುಕೊಂಡೆ:
ಹಾಗೆ ತಿರುಗಿ ನೋಡುತ್ತಿದ್ದೆಯಲ್ಲ ಯಮನೂರ,
ನಾನು ಕಾಣುತ್ತಿದ್ದೆನೋ,
ಇಲ್ಲಾ ಆ ಖಾಲಿ ಜಾಗ ಅಷ್ಟೇ ಏನು?

ಬೂಟಂತೂ ಆಗ್ನೆಲ ವಾಪಸು ಕೊಡುವ ಹಾಗೆ ಕಾಣಲಿಲ್ಲ.